ಮರೆಯಲ್ಲಿ ಉಳಿದ ಕಥೆಗಾರ: ಬಿಲ್ ಫಿಂಗರ್

ದೇವಾಲಯದ ಗೋಪುರವನ್ನು ಕಂಡು ಕೈಮುಗಿಯುವವರು ಬಹುಮಂದಿ. ಅದರ ತಳಹದಿಯ ಕಲ್ಲುಗಳನ್ನು ನೆನೆಯುವವರು ವಿರಳ. ಕಥೆಗಳ ಲೋಕದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕಥೆಯೊಂದು ಜನರ ನಾಲಗೆಯ ಮೇಲೆ ನಲಿದಾಡತೊಡಗಿದ ಮೇಲೆ ಅದನ್ನು ಮೊದಲು ಹೇಳಿದವನು ಯಾರೆಂಬ ಪ್ರಶ್ನೆ ಮೆಲ್ಲನೆ ಹಿಂದೆ ಸರಿಯುತ್ತದೆ. ಬ್ಯಾಟ್‌ಮನ್ ಎಂಬ ಸಾಹಸವೀರನ ಹೆಸರನ್ನು ಕೇಳದ ಬಾಲಕರು ನಮ್ಮ ನಗರಗಳಲ್ಲಿ ದೊರೆಯುವುದು ಕಷ್ಟ. ಬಾವಲಿಯ ಕಿವಿಗಳುಳ್ಳ ಆತನ ಮುಖವಾಡ, ಆತನು ಕಾಯುವ ಗಾಥಮ್ ನಗರ, ಬಿಳಿಯ ಮುಖದಲ್ಲಿ ಸದಾ ನಗುವ ಕ್ರೂರಿ ಜೋಕರ್, ಇವೆಲ್ಲವೂ ನಮಗೆ ಚಿರಪರಿಚಿತ. ಆದರೆ ಇವುಗಳಿಗೆ ರೂಪವನ್ನೂ ಹೆಸರನ್ನೂ ಕೊಡುವುದರಲ್ಲಿ ಬಹುಪಾಲು ದುಡಿದ ಬಿಲ್ ಫಿಂಗರನನ್ನು ಬಲ್ಲವರು ಎಷ್ಟು ಮಂದಿ? ಆ ಮಹನೀಯನ ಜೀವನವನ್ನು ಈ ಸಂಚಿಕೆಯ ವಾಚಕರಿಗೆ ಪರಿಚಯ ಮಾಡಿಕೊಡುವುದು ನಮ್ಮ ಉದ್ದೇಶ.

ಫಿಂಗರನು 1914ನೆಯ ಇಸವಿ ಫೆಬ್ರವರಿ 8ರಂದು ಅಮೆರಿಕದ ಕೊಲರಾಡೋ ಪ್ರಾಂತದ ಡೆನ್ವರ್ ನಗರದಲ್ಲಿ ಜನಿಸಿದನು. ತಂದೆ ತಾಯಿಗಳು ಇಟ್ಟ ಹೆಸರು ಮಿಲ್ಟನ್. ಬಿಲ್ ಎಂಬುದು ಆತನು ಮುಂದೆ ತಾನೇ ಇಟ್ಟುಕೊಂಡ ಹೆಸರು. ತಂದೆ ಲೂಯಿ ಆಸ್ಟ್ರಿಯ-ಹಂಗೆರಿಯಿಂದ ಬಂದು ನೆಲಸಿದ ಯೆಹೂದ್ಯನು, ವೃತ್ತಿಯಿಂದ ದರ್ಜಿ. ಕುಟುಂಬವು ಮುಂದೆ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ವಿಭಾಗಕ್ಕೆ ಬಂದು ನೆಲೆಗೊಂಡಿತು. 1929ರ ಅನಂತರ ಅಮೆರಿಕವನ್ನು ಕವಿದ ಮಹಾ ಆರ್ಥಿಕ ಕುಸಿತದಲ್ಲಿ ತಂದೆಯ ಅಂಗಡಿ ಮುಚ್ಚಿಹೋಯಿತು. ಮಗನು ವೈದ್ಯನಾಗಬೇಕೆಂಬುದು ಹಿರಿಯರ ಹಂಬಲವಾಗಿತ್ತು. ಆದರೆ 1933ರಲ್ಲಿ ಡಿವಿಟ್ ಕ್ಲಿಂಟನ್ ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದ ತರುಣನಿಗೆ ಹೊಟ್ಟೆಪಾಡೇ ಮೊದಲ ಚಿಂತೆಯಾಯಿತು. ಪಾದರಕ್ಷೆಗಳ ಮಾರಾಟದ ಕೆಲಸದಲ್ಲಿ ಸೇರಿ ದಿನಗಳನ್ನು ನೂಕುತ್ತಿದ್ದನು; ಮನಸ್ಸು ಮಾತ್ರ ಸದಾ ಕಥೆಗಳಲ್ಲಿ, ಚಲನಚಿತ್ರಗಳಲ್ಲಿ ಓಡಾಡುತ್ತಿತ್ತು.

1938ರ ಸುಮಾರಿಗೆ ಒಂದು ಸಂತೋಷಕೂಟದಲ್ಲಿ ಆತನಿಗೆ ಬಾಬ್ ಕೇನ್ ಎಂಬ ಚಿತ್ರಗಾರನ ಪರಿಚಯವಾಯಿತು. ಕೇನನೂ ಅದೇ ಪ್ರೌಢಶಾಲೆಯಲ್ಲಿ ಓದಿದವನು. ಚಿತ್ರಕಥೆಗಳ ಪುಸ್ತಕಗಳು, ಎಂದರೆ ಕಾಮಿಕ್ಸ್, ಆಗತಾನೆ ಅಮೆರಿಕದ ಬೀದಿಬೀದಿಗಳಲ್ಲಿ ಮಾರಾಟವಾಗತೊಡಗಿದ್ದುವು. ಕೇನನು ಚಿತ್ರ ಬರೆಯಬಲ್ಲವನು. ಕಥೆಗೆ ಅವನಿಗೆ ಒಬ್ಬ ಜತೆಗಾರ ಬೇಕಾಗಿತ್ತು. ಫಿಂಗರನು ಒಪ್ಪಿದನು. ಆತನ ಕೂಲಿಯನ್ನು ಕೊಡುತ್ತಿದ್ದವನು ಕೇನನೇ. ಪ್ರಕಾಶಕರ ಲೆಕ್ಕದಲ್ಲಿ ಫಿಂಗರನೆಂಬ ವ್ಯಕ್ತಿಯೇ ಇರಲಿಲ್ಲ. ಮುಂದಿನ ಅನ್ಯಾಯದ ಬೀಜವು ಈ ಒಪ್ಪಂದದಲ್ಲಿಯೇ ಬಿದ್ದಿತು.

1938ರ ಜೂನ್ ಸಂಚಿಕೆಯಾಗಿ ಹೊರಬಂದ ಪುಸ್ತಕವೊಂದರಲ್ಲಿ ಸೂಪರ್‌ಮನ್ ಕಾಣಿಸಿಕೊಂಡು ಮನೆಮಾತಾಗಿದ್ದನು. ಅಂಥ ಇನ್ನೊಬ್ಬ ವೀರನು ಬೇಕೆಂದು ಪ್ರಕಾಶಕರು ಹುಡುಕುತ್ತಿದ್ದರು. ಕೇನನು ಬಾವಲಿಯ ಹೆಸರಿನ ವೀರನೊಬ್ಬನನ್ನು ಬರೆದು ತಂದನು. ಆ ಮೊದಲ ಚಿತ್ರದಲ್ಲಿ ವೀರನು ಕೆಂಪು ಬಣ್ಣದ ಬಿಗಿಯುಡುಪನ್ನು ತೊಟ್ಟಿದ್ದನು. ಕಣ್ಣಿಗೆ ಮಾತ್ರ ಸಣ್ಣ ಮುಖವಾಡ, ಬೆನ್ನಿಗೆ ಎರಡು ಬಿರುಸಾದ ರೆಕ್ಕೆಗಳು. ಫಿಂಗರನು ಅದನ್ನು ನೋಡಿ ಒಂದೊಂದನ್ನೇ ತಿದ್ದಿಸಿದನು. ರೆಕ್ಕೆಗಳ ಬದಲು ಅಂಚು ಮೊನಚಾದ ನಿಲುವಂಗಿ ಬಂದಿತು. ತಲೆಯನ್ನು ಮುಚ್ಚುವ, ಬಾವಲಿಯ ಕಿವಿಗಳುಳ್ಳ ಮುಸುಕು ಬಂದಿತು. ಕೈಗಳಿಗೆ ಚೀಲಗಳು ಬಂದುವು. ಕೆಂಪು ಹೋಗಿ ಬೂದು ಮತ್ತು ಕಡುಬಣ್ಣಗಳು ನೆಲೆಸಿದುವು. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ ಬ್ಯಾಟ್‌ಮನ್ ಮೊದಲ ಬಾರಿಗೆ ಜನರ ಮುಂದೆ ಬಂದನು. ಆ ಕಥೆಯನ್ನು ಬರೆದವನು ಫಿಂಗರನೇ. ಮುಸುಕಿನ ಹಿಂದಿನ ಧನಿಕನಿಗೆ ಬ್ರೂಸ್ ವೇನ್ ಎಂಬ ಹೆಸರನ್ನು ಸ್ಕಾಟ್‌ಲೆಂಡಿನ ರಾಜ ರಾಬರ್ಟ್ ಬ್ರೂಸ್ ಮತ್ತು ಅಮೆರಿಕದ ಸೇನಾನಿ ಆಂಟನಿ ವೇನ್ ಇವರಿಂದ ಹೊಂದಿಸಿದವನೂ ಆತನೇ. ಗಾಥಮ್ ಎಂಬ ನಗರದ ಹೆಸರು ಟೆಲಿಫೋನ್ ಪುಸ್ತಕದಲ್ಲಿ ಕಣ್ಣಿಗೆ ಬಿದ್ದ ಒಂದು ಒಡವೆ ಅಂಗಡಿಯಿಂದ ದೊರೆಯಿತು.

ಬ್ರಾಂಕ್ಸ್‌ನಲ್ಲಿ ಎಡ್ಗರ್ ಅಲನ್ ಪೋ ಎಂಬ ಹಿಂದಿನ ಶತಮಾನದ ಕವಿಯು ತನ್ನ ಕೊನೆಯ ವರ್ಷಗಳನ್ನು ಕಳೆದ ಪುಟ್ಟ ಮನೆಯುಂಟು. ಅದನ್ನೊಳಗೊಂಡ ಉದ್ಯಾನವನದಲ್ಲಿ ಕುಳಿತು ಈ ಇಬ್ಬರು ತರುಣರು ಕಥೆಗಳನ್ನು ಹೆಣೆಯುತ್ತಿದ್ದರು. ಭಯಾನಕ ಮತ್ತು ಪತ್ತೇದಾರಿ ಕಥೆಗಳಿಗೆ ಪ್ರಸಿದ್ಧನಾದ ಪೋ ಕವಿಯ ಅಂಗಳದಲ್ಲಿಯೇ ಕತ್ತಲೆಯ ವೀರನು ಬೆಳೆದನೆಂಬುದು ಸೋಜಿಗದ ಸಂಗತಿ.

ವೀರನನ್ನು ಕಲ್ಪಿಸುವುದಕ್ಕಿಂತ ಅವನಿಗೆ ತಕ್ಕ ಎದುರಾಳಿಯನ್ನು ಕಲ್ಪಿಸುವುದು ಕಠಿನ. ರಾವಣನಿಲ್ಲದೆ ರಾಮಕಥೆಯಿಲ್ಲ, ದುರ್ಯೋಧನನ ಛಲವಿಲ್ಲದೆ ಭೀಮನ ಗದೆಗೆ ಬೆಲೆಯಿಲ್ಲ. ಈ ಗುಟ್ಟು ಫಿಂಗರನಿಗೆ ಚೆನ್ನಾಗಿ ತಿಳಿದಿತ್ತು. 1940ರ ವಸಂತದಲ್ಲಿ ಬ್ಯಾಟ್‌ಮನ್ನನ ಹೆಸರಿನದೇ ಪುಸ್ತಕವು ಆರಂಭವಾದಾಗ ಅದರ ಮೊದಲ ಸಂಚಿಕೆಯಲ್ಲಿಯೇ ಜೋಕರನೂ ಕ್ಯಾಟ್‌ವುಮನ್ ಎಂದು ಮುಂದೆ ಹೆಸರಾದ ಕಳ್ಳಿಯೂ ಬಂದರು. ಜೋಕರನನ್ನು ಮೊದಲು ಕಂಡವನು ಯಾರೆಂಬ ವಿಷಯದಲ್ಲಿ ಕೇನ್, ಫಿಂಗರ್ ಮತ್ತು ಅವರ ಕಿರಿಯ ಸಹಾಯಕ ಜೆರಿ ರಾಬಿನ್‌ಸನ್ ಇವರೊಳಗೆ ಭಿನ್ನಾಭಿಪ್ರಾಯವಿದ್ದಿತು. ರಾಬಿನ್‌ಸನ್ ಇಸ್ಪೀಟಿನ ಜೋಕರ್ ಎಲೆಯನ್ನು ತಂದನು. ವಿಕ್ಟರ್ ಹ್ಯೂಗೋನ ಕಾದಂಬರಿಯನ್ನು ಆಧರಿಸಿ 1928ರಲ್ಲಿ ತೆಗೆದ ಮೂಕಚಿತ್ರದಲ್ಲಿ ಕಾನ್‌ರಾಡ್ ವೈಟ್ ಎಂಬ ನಟನು ಎಂದೂ ಅಳಿಯದ ನಗೆಯ ಮುಖದಲ್ಲಿ ಕಾಣಿಸಿಕೊಂಡಿದ್ದನು. ಆ ಛಾಯಾಚಿತ್ರವನ್ನು ಫಿಂಗರನು ತಂದನು. ಕಥೆಯನ್ನು ಬರೆದವನಂತೂ ಫಿಂಗರನೇ.

ಅಲ್ಲಿಂದ ಮುಂದೆ ಒಬ್ಬರ ಹಿಂದೊಬ್ಬರು ಖಳರು ಬಂದರು. 1941ರಲ್ಲಿ ಕೊಡೆ ಹಿಡಿದ ಕುಳ್ಳ ಪೆಂಗ್ವಿನ್ ಬಂದನು. 1942ರಲ್ಲಿ ಬಂದ ಟೂಫೇಸ್ ನ್ಯಾಯವಾದಿಯಾಗಿದ್ದವನು. ದುಷ್ಟನೊಬ್ಬನು ಎರಚಿದ ಆಮ್ಲದಿಂದ ಅರ್ಧ ಮುಖವು ವಿಕಾರವಾಗಿ, ಒಳಿತು ಕೆಡಕುಗಳನ್ನು ನಾಣ್ಯ ಚಿಮ್ಮಿ ನಿರ್ಣಯಿಸತೊಡಗಿದ ದುರದೃಷ್ಟಶಾಲಿ. 1948ರ ರಿಡ್ಲರ್ ಒಗಟುಗಳನ್ನು ಒಡ್ಡಿ ಕಳವು ಮಾಡುವವನು. ಬಾಲ್ಯದಲ್ಲಿ ಶಾಲೆಯ ಚಿತ್ರಜೋಡಣೆಯ ಸ್ಪರ್ಧೆಯನ್ನು ಮೋಸದಿಂದ ಗೆದ್ದದ್ದೇ ಅವನ ಪತನಕ್ಕೆ ಮೊದಲ ಮೆಟ್ಟಿಲಾಯಿತು. ಈ ಖಳರು ಬರಿಯ ಕೇಡಿಗರಲ್ಲ. ಪ್ರತಿಯೊಬ್ಬನಿಗೂ ತನ್ನದೇ ಗೀಳು, ತನ್ನದೇ ಗಾಯವುಂಟು. ಆದುದರಿಂದಲೇ ಓದುಗರಿಗೆ ಇವರ ಮುಂದಿನ ಹೆಜ್ಜೆಯನ್ನು ಊಹಿಸುವುದೇ ಒಂದು ವಿನೋದವಾಯಿತು.

1951ರಲ್ಲಿ ಫಿಂಗರನು ಬರೆದ ಕೆಂಪು ಮುಸುಕಿನವನ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಬ್ಯಾಟ್‌ಮನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಪರಾಧಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾನೆ. ತಾನು ಹತ್ತು ವರ್ಷಗಳಿಂದ ಬಿಡಿಸಲಾರದೆ ಉಳಿಸಿದ ಪ್ರಕರಣವೊಂದನ್ನು ಅವರ ಮುಂದಿಡುತ್ತಾನೆ. ಕೆಂಪು ಮುಸುಕು ತೊಟ್ಟ ಕಳ್ಳನೊಬ್ಬನು ಕಾರ್ಖಾನೆಯ ರಾಸಾಯನಿಕ ಕೊಳೆನೀರಿಗೆ ಹಾರಿ ಕಣ್ಮರೆಯಾದನು, ಅವನು ಯಾರು? ಕೊನೆಗೆ ಅವನೇ ಜೋಕರನೆಂದೂ ಆ ನೀರಿನಿಂದಲೇ ಅವನ ಮುಖವು ಬಿಳುಪಾಯಿತೆಂದೂ ತಿಳಿದುಬರುತ್ತದೆ. ಹನ್ನೊಂದು ವರ್ಷ ಹೇಳದೆ ಉಳಿದಿದ್ದ ಜೋಕರನ ಪೂರ್ವಕಥೆಯು ಹೀಗೆ ವಿದ್ಯಾರ್ಥಿಗಳ ತರ್ಕದ ನಡುವೆ ಬಯಲಾಯಿತು. ಮುಂದಿನ ಲೇಖಕರು ಈ ಎಳೆಯನ್ನು ಹಿಡಿದು ಎಷ್ಟೋ ಕಥೆಗಳನ್ನು ನೇಯ್ದಿದ್ದಾರೆ.

ಫಿಂಗರನ ಕಾರ್ಯವಿಧಾನವೂ ತಿಳಿಯತಕ್ಕದ್ದು. ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಕಂಡ ಸ್ವಾರಸ್ಯದ ವಿಷಯಗಳನ್ನೆಲ್ಲ ಆತನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದನು. ಕಥೆಯನ್ನು ಕಳುಹಿಸುವಾಗ ಚಿತ್ರಗಾರನ ಅನುಕೂಲಕ್ಕೆಂದು ಯಂತ್ರಗಳ, ಕಟ್ಟಡಗಳ ಚಿತ್ರಗಳನ್ನು ಕತ್ತರಿಸಿ ಜತೆಗಿಡುತ್ತಿದ್ದನು. ಆಳೆತ್ತರವನ್ನೂ ಮೀರಿದ ಬೆರಳಚ್ಚು ಯಂತ್ರ ಮುಂತಾದ ದೈತ್ಯಾಕಾರದ ವಸ್ತುಗಳ ಮೇಲೆ ಬ್ಯಾಟ್‌ಮನ್ ಹೋರಾಡುವ ದೃಶ್ಯಗಳು ಆತನ ಕಥೆಗಳ ಗುರುತಾದುವು. ಇಷ್ಟು ಶ್ರಮಪಡುವವನಿಗೆ ಕಾಲದ ಹಿಡಿತ ಸಾಧಿಸಲಿಲ್ಲ. ಹೇಳಿದ ದಿನಕ್ಕೆ ಕಥೆ ಮುಗಿಯುತ್ತಿರಲಿಲ್ಲ. ಹಣದ ಅಡಚಣೆಯು ಬೆನ್ನು ಬಿಡಲಿಲ್ಲ. ಕಾಲಕ್ರಮದಲ್ಲಿ ಪ್ರಕಾಶಕರು ಆತನಿಗೆ ನೇರವಾಗಿ ಕೆಲಸ ಕೊಟ್ಟರು. 1940ರಲ್ಲಿ ಮಾರ್ಟಿನ್ ನೋಡೆಲ್ ಎಂಬ ಚಿತ್ರಗಾರನೊಡನೆ ಗ್ರೀನ್ ಲ್ಯಾಂಟರ್ನ್ ಎಂಬ ಇನ್ನೊಬ್ಬ ವೀರನನ್ನೂ ಆತನು ರೂಪಿಸಿದನು. ಆದರೆ ಬ್ಯಾಟ್‌ಮನ್ನನ ಕರ್ತೃವೆಂದು ಅಚ್ಚಾಗುತ್ತಿದ್ದುದು ಕೇನನ ಹೆಸರೊಂದೇ. ಕೇನನು ಪ್ರಕಾಶಕರೊಡನೆ ಮಾಡಿಕೊಂಡ ಕರಾರು ಹಾಗಿದ್ದಿತು. ಫಿಂಗರನು ಮೆದುವಾದ ಸ್ವಭಾವದವನು. ಜಗಳವಾಡಿ ಹಕ್ಕನ್ನು ಪಡೆಯುವ ಕೆಚ್ಚು ಆತನಲ್ಲಿರಲಿಲ್ಲ.

ಇಲ್ಲಿ ಅಭಿಮಾನಿಗಳ ಪ್ರವೇಶವಾಗುತ್ತದೆ. 1960ರ ದಶಕದಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ತನ್ನ ಪುಸ್ತಕಗಳಲ್ಲಿ ವಾಚಕರ ಪತ್ರಗಳನ್ನು ವಿಳಾಸ ಸಹಿತವಾಗಿ ಅಚ್ಚುಮಾಡತೊಡಗಿದನು. ಊರೂರುಗಳ ಓದುಗರು ಪರಸ್ಪರ ಪತ್ರ ಬರೆದುಕೊಂಡರು. ಮುಂದೆ ಯಾವ ಖಳನು ಮರಳಿ ಬರುವನು, ಯಾವ ಹಳೆಯ ಕಥೆಗೆ ಹೊಸದು ತಾಳೆಯಾಗುವುದು ಎಂದು ವಾದಿಸಿದರು. ತಾವೇ ಸಣ್ಣ ಪತ್ರಿಕೆಗಳನ್ನು ಹೊರಡಿಸಿದರು. ಕಥೆಯ ಕುಲಮೂಲವನ್ನು ಕೆದಕುವವನು ಕಥೆಗಾರನ ಕುಲಮೂಲವನ್ನು ಕೇಳದೆ ಬಿಡುವನೆ? 1965ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಸಮ್ಮೇಳನವು ಸೇರಿದಾಗ ಫಿಂಗರನು ವೇದಿಕೆಯನ್ನೇರಿ ಮಾತನಾಡಿದನು. ಜೆರಿ ಬೇಲ್ಸ್ ಎಂಬ ಪ್ರಾಧ್ಯಾಪಕನು, ಈತನೂ ಅಭಿಮಾನಿಯೇ, ಆತನನ್ನು ಕಂಡು ವಿಚಾರಿಸಿ, ಬ್ಯಾಟ್‌ಮನ್ನನ ಸೃಷ್ಟಿಯಲ್ಲಿ ಆತನ ಪಾಲು ಎಷ್ಟೆಂಬುದನ್ನು ಅದೇ ವರ್ಷ ಬರೆದು ಪ್ರಕಟಿಸಿದನು. ಕೇನನಿಗೆ ಸಿಟ್ಟು ಬಂದಿತು. ಎಲ್ಲವೂ ತನ್ನದೇ ಎಂದು ಅವನು ಬರೆದ ದೀರ್ಘ ಪತ್ರವು 1967ರಲ್ಲಿ ‘ಬ್ಯಾಟ್‌ಮೇನಿಯ’ ಎಂಬ ಅಭಿಮಾನಿಗಳ ಪತ್ರಿಕೆಯಲ್ಲಿ ಬೆಳಕು ಕಂಡಿತು. ಫಿಂಗರನು ಪ್ರತಿಭಟಿಸದೆ ಸುಮ್ಮನಾದನು.

1966ರಲ್ಲಿ ಬ್ಯಾಟ್‌ಮನ್ ದೂರದರ್ಶನದ ಪರದೆಯನ್ನೇರಿದಾಗ ಚಾರ್ಲ್ಸ್ ಸಿಂಕ್ಲೇರನೊಡನೆ ಕೂಡಿ ಫಿಂಗರನು ಗಡಿಯಾರಗಳ ಖಳನ ಎರಡು ಕಂತುಗಳ ಕಥೆಯನ್ನು ಬರೆದನು. ಆತನ ಜೀವಿತಕಾಲದಲ್ಲಿ ಬ್ಯಾಟ್‌ಮನ್ನನ ಪಕ್ಕದಲ್ಲಿ ಆತನ ಹೆಸರು ಪರದೆಯ ಮೇಲೆ ಮೂಡಿದುದು ಆ ಒಂದು ಸಂದರ್ಭದಲ್ಲಿ ಮಾತ್ರ. ಹೃದಯವು ಆ ವೇಳೆಗಾಗಲೇ ದುರ್ಬಲವಾಗಿತ್ತು. 1974ರ ಜನವರಿ 18ರಂದು, ಅರುವತ್ತು ತುಂಬುವ ಮೊದಲೇ, ನ್ಯೂಯಾರ್ಕಿನ ತನ್ನ ಕೊಠಡಿಯಲ್ಲಿ ಆತನು ಒಬ್ಬಂಟಿಗನಾಗಿ ಕಣ್ಮುಚ್ಚಿದನು. ಮಗ ಫ್ರೆಡ್ ತಂದೆಯ ಚಿತಾಭಸ್ಮವನ್ನು ಆರೆಗನ್ ಪ್ರಾಂತದ ಕಡಲ ದಂಡೆಯ ಮರಳಿನಲ್ಲಿ ಬಾವಲಿಯ ಆಕಾರವಾಗಿ ಹರಡಿದನು. ಅಲೆಗಳು ಬಂದು ಅದನ್ನು ಕೊಂಡೊಯ್ದುವು.

ಕರ್ತೃವು ಹೋದರೂ ಆತನ ಖಳರು ಬದುಕಿದರು. 1992ರ ಸೆಪ್ಟೆಂಬರಿನಲ್ಲಿ ಬ್ಯಾಟ್‌ಮನ್ನನ ಚಲಿಸುವ ಚಿತ್ರಗಳ ಸರಣಿಯು ಅಮೆರಿಕದ ದೂರದರ್ಶನದಲ್ಲಿ ಆರಂಭವಾಗಿ 85 ಕಂತುಗಳವರೆಗೆ ನಡೆಯಿತು. ಬ್ರೂಸ್ ಟಿಮ್, ಪಾಲ್ ಡೀನಿ ಮೊದಲಾದವರು ಅದನ್ನು ಮಕ್ಕಳೂ ಹಿರಿಯರೂ ಮೆಚ್ಚುವಂತೆ ನಿರ್ಮಿಸಿದರು. ಹಳೆಯ ಪುಸ್ತಕಗಳನ್ನು ಓದಿದ್ದ ಅಭಿಮಾನಿಗಳಿಗೆ ಅದು ಊಹೆಯ ಹಬ್ಬವೇ ಆಯಿತು. ಹಾರ್ವೆ ಡೆಂಟ್ ಎಂಬ ನ್ಯಾಯವಾದಿಯು ಮೊದಲ ಕಂತುಗಳಲ್ಲಿ ಬ್ರೂಸ್ ವೇನನ ಗೆಳೆಯನಾಗಿ ನಗುತ್ತ ಬರುತ್ತಾನೆ. ಅವನೇ ಟೂಫೇಸ್ ಆಗುವನೆಂಬುದನ್ನು ಬಲ್ಲ ನೋಟಕರು ಆ ನಗುವನ್ನು ಕಂಡೇ ಮರುಗುತ್ತಿದ್ದರು. ಅವನ ಪತನವು ಯಾವಾಗ, ಹೇಗೆ ಎಂದು ತರ್ಕಿಸುತ್ತಿದ್ದರು. ಇನ್ನು ಕೆಲವೆಡೆ ಬಲ್ಲವರ ಊಹೆಯೂ ಸೋತಿತು. ಜೋಕರನ ಸಂಗಾತಿ ಹಾರ್ಲಿ ಕ್ವಿನ್ ಯಾವ ಹಳೆಯ ಪುಸ್ತಕದಲ್ಲಿಯೂ ಇರಲಿಲ್ಲ. ಆಕೆ ಸರಣಿಯಲ್ಲಿ ಹುಟ್ಟಿ, ಆಮೇಲೆ ಪುಸ್ತಕಗಳಿಗೆ ನಡೆದಳು. ಜೋಕರ್, ಪೆಂಗ್ವಿನ್, ಟೂಫೇಸ್, ರಿಡ್ಲರ್ ಎಲ್ಲರೂ ಅಲ್ಲಿ ಮೆರೆದರು. ಆದರೆ ಬ್ಯಾಟ್‌ಮನ್ನನ ಕರ್ತೃವೆಂದು ಪರದೆಯ ಮೇಲೆ ಬಂದುದು ಆಗಲೂ ಬಾಬ್ ಕೇನನ ಹೆಸರೊಂದೇ.

ಸತ್ಯವು ಬೂದಿ ಮುಚ್ಚಿದ ಕೆಂಡದಂತೆ. 1989ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ವೃದ್ಧನಾದ ಕೇನನೇ ಫಿಂಗರನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಒಪ್ಪಿಕೊಂಡನು. ಜೆರಿ ರಾಬಿನ್‌ಸನ್ನನ ಪ್ರೇರಣೆಯಿಂದ 2005ರಲ್ಲಿ, ಮರೆವಿಗೆ ಸಂದ ಚಿತ್ರಕಥಾ ಲೇಖಕರಿಗಾಗಿ, ಫಿಂಗರನ ಹೆಸರಿನ ಪ್ರಶಸ್ತಿಯು ಸ್ಥಾಪಿತವಾಯಿತು. ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಮಕ್ಕಳ ಲೇಖಕನು ಹಳೆಯ ದಾಖಲೆಗಳನ್ನು ಶೋಧಿಸಿ, ಫಿಂಗರನ ಮೊಮ್ಮಗಳು ಅಥೀನಾಳನ್ನು ಹುಡುಕಿ, 2012ರಲ್ಲಿ ಆತನ ಜೀವನವನ್ನು ಮಕ್ಕಳಿಗಾಗಿ ಬರೆದನು. ಆ ಪುಸ್ತಕಕ್ಕೆ ಚಿತ್ರ ಬರೆದ ಟೈ ಟೆಂಪಲ್‌ಟನ್, ಮೇಲೆ ಹೇಳಿದ ಸರಣಿಯನ್ನು ಆಧರಿಸಿದ ಕಾಮಿಕ್ಸ್‌ಗಳಿಗೂ ಚಿತ್ರ ಬರೆದವನು. ಅಥೀನಾ ತಾತನ ಹಕ್ಕಿಗಾಗಿ ಹೋರಾಡಿದಳು. 2015ರ ಸೆಪ್ಟೆಂಬರಿನಲ್ಲಿ ಪ್ರಕಾಶಕರು ಕೇನನೊಡನೆ ಫಿಂಗರನ ಹೆಸರನ್ನೂ ಸೇರಿಸಲು ಒಪ್ಪಿದರು. 2016ರ ಚಲನಚಿತ್ರದಲ್ಲಿ ಅದು ಲೋಕಕ್ಕೆಲ್ಲ ಕಂಡಿತು. 2017ರ ಡಿಸೆಂಬರಿನಲ್ಲಿ ಬ್ರಾಂಕ್ಸ್‌ನ ಆ ಉದ್ಯಾನವನದ ಬಳಿಯ ಬೀದಿಯೊಂದಕ್ಕೆ ಆತನ ಹೆಸರನ್ನಿಟ್ಟರು.

ಬಾಲಕ ಬಾಲಕಿಯರೆ, ಕಥೆಯನ್ನು ಓದಿ ಮುಂದೇನಾಗುವುದೆಂದು ಊಹಿಸುವುದನ್ನು ಕೆಲವರು ವ್ಯರ್ಥ ಕಾಲಕ್ಷೇಪವೆನ್ನುವರು. ಆದರೆ ಅಂಥ ಊಹೆಯಲ್ಲಿ ತೊಡಗಿದ್ದವರೇ ಐವತ್ತು ವರ್ಷಗಳ ಕಾಲ ಒಂದು ಹೆಸರನ್ನು ಕೈಬಿಡದೆ ಕಾಪಾಡಿದರೆಂಬುದನ್ನು ನೆನೆಯೋಣ. ನಾಲ್ವರು ಕೂಡಿ ಮಾಡಿದ ಕೆಲಸಕ್ಕೆ ಒಬ್ಬನೇ ಹೆಸರು ಹಾಕಿಕೊಳ್ಳುವುದು ಗೋಡೆಯ ಪತ್ರಿಕೆಯಲ್ಲಿಯೂ ತಪ್ಪು, ಮಹಾನಗರದ ಮುದ್ರಣಾಲಯದಲ್ಲಿಯೂ ತಪ್ಪು. ಜತೆಗೆ ದುಡಿದವನ ಹೆಸರನ್ನು ಅವನು ಬದುಕಿರುವಾಗಲೇ ಹೇಳಬೇಕು. ಬೀದಿಗೆ ಇಟ್ಟ ಹೆಸರನ್ನು ಓದಲು ಫಿಂಗರನು ಇರಲಿಲ್ಲ.