ಋಣಭಾರವನ್ನು ಹೊತ್ತ ವಿದ್ಯಾದಾನಿ: ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು

ಅನ್ನದಾನವು ಒಂದು ಹೊತ್ತಿನ ಹಸಿವನ್ನು ಕಳೆಯುವುದು. ವಿದ್ಯಾದಾನವು ಒಂದು ಜನ್ಮದ ಹಸಿವನ್ನು ಕಳೆಯುವುದು ಎಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ವಿದ್ಯೆಯನ್ನರಸಿ ಊರು ಬಿಟ್ಟ ಬಡ ಹುಡುಗನಿಗೆ ಮೊದಲು ಬೇಕಾಗುವುದು ಅನ್ನವೇ. ಪಾಠ ಹೇಳುವ ಗುರುವು ದೊರೆತ ಮೇಲೂ ಉಂಡು ಮಲಗಲು ತಾಣವಿಲ್ಲದೆ, ಪುಸ್ತಕಕ್ಕೆ ಕಾಸಿಲ್ಲದೆ, ನಂಬಿ ಸಾಲ ಕೊಡುವವರಿಲ್ಲದೆ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮರಳಿದ ಬುದ್ಧಿವಂತರು ಎಷ್ಟೋ ಮಂದಿ. ಈ ಕಷ್ಟವನ್ನು ಬಾಲ್ಯದಲ್ಲಿ ತಾವೇ ಅನುಭವಿಸಿ, ಮುಂದೆ ಪರರ ವ್ಯಾಸಂಗದ ಸಾಲವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡ ಪುಣ್ಯಪುರುಷರಲ್ಲಿ ವಂಗದೇಶದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು ಅಗ್ರಗಣ್ಯರು.

ಈಶ್ವರಚಂದ್ರರು 1820ನೆಯ ಇಸವಿ ಸಪ್ಟೆಂಬರ್ 26ರಂದು ವಂಗದೇಶದ ವೀರಸಿಂಹ ಗ್ರಾಮದಲ್ಲಿ ಜನಿಸಿದರು. ತಂದೆ ಠಾಕೂರದಾಸ ಬಂದ್ಯೋಪಾಧ್ಯಾಯರು, ತಾಯಿ ಭಗವತೀದೇವಿಯವರು. ಕುಲದಲ್ಲಿ ಪಾಂಡಿತ್ಯವಿದ್ದಿತು, ಮನೆಯಲ್ಲಿ ಧಾನ್ಯವಿದ್ದಿಲ್ಲ. ಠಾಕೂರದಾಸರು ಚಿಕ್ಕ ವಯಸ್ಸಿನಲ್ಲಿಯೇ ಉದರಭರಣಕ್ಕಾಗಿ ಕಲಕತ್ತೆಗೆ ಬಂದವರು. ಒಂದು ದಿನ ಹಸಿವು ತಾಳಲಾರದೆ ಬೀದಿಯಲ್ಲಿ ಅಲೆಯುತ್ತ ಮಂಡಕ್ಕಿ ಮಾರುವ ಒಬ್ಬ ವಿಧವೆಯ ಅಂಗಡಿಯ ಮುಂದೆ ನಿಂತಾಗ, ಆ ತಾಯಿಯು ಬಾಲಕನ ಮುಖವನ್ನು ನೋಡಿಯೇ ಸಂಗತಿಯನ್ನರಿತು, ಮಂಡಕ್ಕಿಯನ್ನೂ ಮೊಸರನ್ನೂ ಕೊಟ್ಟು ಉಣಿಸಿದಳು. ಊಟವಿಲ್ಲದ ದಿನ ಇಲ್ಲಿಗೇ ಬರಬೇಕೆಂದು ವಿಧಿಸಿದಳು. ಈ ಸಂಗತಿಯನ್ನು ತಂದೆಯಿಂದ ಕೇಳಿದ ಈಶ್ವರಚಂದ್ರರು ಅದನ್ನು ಕಡೆಯವರೆಗೂ ಮರೆಯಲಿಲ್ಲ. ತಮ್ಮ ಆತ್ಮಚರಿತ್ರೆಯಲ್ಲಿ ಭಕ್ತಿಯಿಂದ ಬರೆದಿಟ್ಟರು. ಠಾಕೂರದಾಸರಿಗೆ ಮೊದಲು ದೊರೆತ ಕೆಲಸದ ಸಂಬಳವು ತಿಂಗಳಿಗೆ 2 ರೂಪಾಯಿ ಮಾತ್ರ.

1828ನೆಯ ಇಸವಿಯಲ್ಲಿ ಎಂಟು ವರ್ಷದ ಬಾಲಕನು ತಂದೆಯೊಡನೆ ಕಾಲ್ನಡೆಯಿಂದಲೇ ಕಲಕತ್ತೆಗೆ ಹೊರಟನು. ದಾರಿಯ ಮೈಲಿಗಲ್ಲುಗಳನ್ನು ನೋಡುತ್ತ ನೋಡುತ್ತ ಆತನು ಇಂಗ್ಲಿಷ್ ಅಂಕಿಗಳನ್ನೆಲ್ಲ ಕಲಿತುಬಿಟ್ಟನೆಂಬುದು ಪ್ರಸಿದ್ಧವಾದ ಸಂಗತಿ. ಮರುವರ್ಷ ಸಂಸ್ಕೃತ ಕಾಲೇಜಿನಲ್ಲಿ ಪ್ರವೇಶವಾಯಿತು. ಪರರ ಮನೆಯಲ್ಲಿ ವಾಸ. ಕಿರಿದಾದ ಕತ್ತಲ ಕೋಣೆಯಲ್ಲಿ ಅಡಿಗೆ. ಪೇಟೆಯಿಂದ ಸಾಮಾನು ತರುವುದು, ಒಲೆ ಹೊತ್ತಿಸುವುದು, ತಂದೆಗೂ ತಮ್ಮಂದಿರಿಗೂ ಉಣಬಡಿಸುವುದು, ಪಾತ್ರೆ ತಿಕ್ಕುವುದು, ಇವೆಲ್ಲವೂ ಈ ವಿದ್ಯಾರ್ಥಿಯ ಪಾಲಿಗೇ ಬಂದವು. ಇದರ ನಡುವೆಯೇ ವ್ಯಾಕರಣ, ಕಾವ್ಯ, ಅಲಂಕಾರ, ವೇದಾಂತ, ಸ್ಮೃತಿ, ನ್ಯಾಯಗಳ ಅಧ್ಯಯನ ಸಾಗಿತು. ಪರೀಕ್ಷೆಯಲ್ಲಿ ಮೇಲಾಗಿ ನಿಂತುದರಿಂದ ತಿಂಗಳಿಗೆ 5 ರೂಪಾಯಿ ವಿದ್ಯಾರ್ಥಿವೇತನವು ದೊರೆಯಿತು. ಇಂದು ಅಲ್ಪವೆನಿಸುವ ಈ ಹಣವು ಆ ಮನೆಗೆ ದೊಡ್ಡ ಆಸರೆಯಾಯಿತು. ಹನ್ನೆರಡು ವರ್ಷಗಳ ವ್ಯಾಸಂಗದ ಫಲವಾಗಿ ವಿದ್ಯಾಸಾಗರನೆಂಬ ಬಿರುದು ಬಂದಿತು; ಹುಟ್ಟುಹೆಸರನ್ನು ಮೀರಿ ಆ ಬಿರುದೇ ಲೋಕದಲ್ಲಿ ನಿಂತಿತು.

1841ನೆಯ ಇಸವಿಯ ಕಡೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪ್ರಧಾನ ಪಂಡಿತರ ಸ್ಥಾನವು 50 ರೂಪಾಯಿ ಸಂಬಳದ ಮೇಲೆ ದೊರೆಯಿತು. ಒಡನೆಯೇ ಅವರು ತಂದೆಯವರನ್ನು ಚಾಕರಿ ಬಿಡಿಸಿ ಊರಿಗೆ ಕಳುಹಿಸಿದರು. ತಿಂಗಳಿಗೆ 20 ರೂಪಾಯಿಗಳನ್ನು ಊರಿಗೆ ಕಳುಹುತ್ತ, ಮಿಕ್ಕ 30 ರೂಪಾಯಿಗಳಲ್ಲಿ ತಮ್ಮಂದಿರನ್ನೂ ಬಂಧುಗಳ ಮಕ್ಕಳನ್ನೂ ಕಲಕತ್ತೆಯಲ್ಲಿಟ್ಟುಕೊಂಡು ಓದಿಸಿದರು. 1847ರಲ್ಲಿ ಮಿತ್ರರಾದ ಮದನಮೋಹನ ತರ್ಕಾಲಂಕಾರರೊಡನೆ ಸಂಸ್ಕೃತ ಮುದ್ರಣಾಲಯವನ್ನು ತೆರೆಯುವಾಗ 600 ರೂಪಾಯಿಗಳನ್ನು ಸಾಲವಾಗಿ ತಂದರು. ಭಾರತಚಂದ್ರ ಕವಿಯ ಅನ್ನದಾಮಂಗಲವನ್ನು ಮುದ್ರಿಸಿ, ಅದರ ಪ್ರತಿಗಳನ್ನು ಫೋರ್ಟ್ ವಿಲಿಯಂ ಕಾಲೇಜಿಗೆ ಮಾರಿ, ಬಂದ ಹಣದಿಂದ ಆ ಸಾಲವನ್ನು ತೀರಿಸಿದರು. ಸಾಲವನ್ನು ತರುವಾಗಲೇ ತೀರಿಸುವ ಬಗೆಯನ್ನು ಯೋಚಿಸುವುದು ಅವರ ಸ್ವಭಾವವಾಗಿದ್ದಿತು.

1851ರಲ್ಲಿ ಅವರು ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾದರು. ಅದುವರೆಗೆ ಬ್ರಾಹ್ಮಣ, ವೈದ್ಯ ಕುಲಗಳವರಿಗೆ ಮಾತ್ರ ತೆರೆದಿದ್ದ ಆ ವಿದ್ಯಾಲಯದ ಬಾಗಿಲನ್ನು ಮೊದಲು ಕಾಯಸ್ಥರಿಗೂ ಬಳಿಕ ಇತರ ಹಿಂದೂಗಳಿಗೂ ತೆರೆಯಿಸಿದರು. 1853ರಲ್ಲಿ ಹುಟ್ಟೂರಿನಲ್ಲಿ ಶುಲ್ಕವಿಲ್ಲದ ಶಾಲೆಯನ್ನು ಸ್ಥಾಪಿಸಿದರು. ದೂರದ ಹಳ್ಳಿಗಳಿಂದ ಬಂದ ಬಡ ಹುಡುಗರಿಗೆ ಅವರ ಮನೆಯಲ್ಲಿಯೇ ಊಟ. ಭಗವತೀದೇವಿಯವರು ತಾವೇ ಅಡಿಗೆ ಮಾಡಿ ಆ ಮಕ್ಕಳಿಗೆ ಬಡಿಸುತ್ತಿದ್ದರು. 1855ರಲ್ಲಿ ಪ್ರಕಟವಾದ ವರ್ಣಪರಿಚಯವೆಂಬ ಅವರ ಬಾಲಪಾಠವು ವಂಗದೇಶದ ಮನೆಮನೆಯನ್ನು ಮುಟ್ಟಿತು. ಮರುವರ್ಷ ವಿಧವಾವಿವಾಹದ ಕಾಯಿದೆಯು ಜಾರಿಗೆ ಬಂದಿತು. ಕಾಯಿದೆಯಾದ ಮಾತ್ರಕ್ಕೆ ಮದುವೆಗಳು ನಡೆಯವಷ್ಟೆ! ಬಂಧುಗಳು ಕೈಬಿಟ್ಟ ವಧೂವರರ ಮದುವೆಯ ವೆಚ್ಚವನ್ನು ವಿದ್ಯಾಸಾಗರರೇ ವಹಿಸಿದರು. ನೆರವಿನ ಮಾತು ಕೊಟ್ಟ ಶ್ರೀಮಂತರಲ್ಲಿ ಹಲವರು ಹಿಂಜರಿದುದರಿಂದ ಸಾವಿರಗಟ್ಟಲೆ ರೂಪಾಯಿಗಳ ಸಾಲವು ಅವರ ಮೇಲೆಯೇ ಬಿದ್ದಿತು. 1858ರಲ್ಲಿ ಮೇಲಧಿಕಾರಿಗಳೊಡನೆ ಸರಿಬೀಳದೆ ತಿಂಗಳಿಗೆ 500 ರೂಪಾಯಿ ಬರುತ್ತಿದ್ದ ಸರಕಾರಿ ಪದವಿಯನ್ನು ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಪುಸ್ತಕಗಳ ಆದಾಯವೇ ಆಧಾರವಾಯಿತು.

ಇಂತಹ ಸಾಲದ ನಡುವೆ ಇದ್ದಾಗಲೇ ಮತ್ತೊಂದು ಮೊರೆಯು ಸಮುದ್ರದಾಚೆಯಿಂದ ಬಂದಿತು.

ಮೇಘನಾದವಧ ಕಾವ್ಯದ ಕರ್ತೃಗಳಾದ ಮೈಕೇಲ್ ಮಧುಸೂದನ ದತ್ತರು ನ್ಯಾಯಶಾಸ್ತ್ರವನ್ನು ಓದಿ ಬ್ಯಾರಿಸ್ಟರರಾಗಬೇಕೆಂದು 1862ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿಗೆ ಹೊರಟು, ಲಂಡನ್ನಿನ ಗ್ರೇಸ್ ಇನ್ ಎಂಬ ನ್ಯಾಯವಿದ್ಯಾಲಯವನ್ನು ಸೇರಿದರು. ಪಿತ್ರಾರ್ಜಿತ ಭೂಮಿಯ ಉತ್ಪನ್ನದಿಂದ ವ್ಯಾಸಂಗದ ಖರ್ಚು ನಡೆಯುವಂತೆಯೂ ಕಲಕತ್ತೆಯಲ್ಲಿದ್ದ ಕುಟುಂಬಕ್ಕೆ ಮಾಸಾಶನ ಸಲ್ಲುವಂತೆಯೂ ಏರ್ಪಾಡು ಮಾಡಿದ್ದರು. ಹಣ ಕಳುಹಿಸಲು ಒಪ್ಪಿಕೊಂಡವರು ಕೆಲಕಾಲದಲ್ಲಿಯೇ ಮಾತಿಗೆ ತಪ್ಪಿದರು. ಮಾಸಾಶನವು ನಿಂತುಹೋಗಲು ಪತ್ನಿಯಾದ ಹೆನ್ರಿಯೆಟ್ಟಾ ಮಕ್ಕಳೊಡನೆ 1863ರಲ್ಲಿ ಪತಿಯ ಬಳಿಗೇ ಬಂದರು. ಒಬ್ಬನಿಗೇ ಸಾಲದ ಹಣದಲ್ಲಿ ಇಡೀ ಸಂಸಾರವು ನಡೆಯಬೇಕಾಯಿತು. ಲಂಡನ್ನಿನ ವೆಚ್ಚವನ್ನು ತಾಳಲಾರದೆ ಅವರೆಲ್ಲರೂ ಫ್ರಾನ್ಸ್ ದೇಶದ ವರ್ಸೇಲ್ಸ್ ಪಟ್ಟಣಕ್ಕೆ ಹೋದರು. ಅಲ್ಲಿ ಮನೆಯ ಸಾಮಾನುಗಳನ್ನು ಒತ್ತೆಯಿಟ್ಟು ಉಂಡರು. ಅಂಗಡಿಯವರ ಸಾಲ ಬೆಳೆಯಿತು. ಸಾಲಕ್ಕಾಗಿ ಸೆರೆಮನೆಯ ಭಯವೂ ಒದಗಿತು. ಊರಿಗೆ ಬರೆದ ಕಾಗದಗಳಿಗೆ ಉತ್ತರವೇ ಇಲ್ಲ. ಆಗ 1864ರ ಜೂನಿನಲ್ಲಿ ಮಧುಸೂದನರು ವಿದ್ಯಾಸಾಗರರಿಗೆ ತಮ್ಮ ದುರವಸ್ಥೆಯನ್ನೆಲ್ಲ ಬರೆದು ಮರೆಹೊಕ್ಕರು.

ಇಬ್ಬರ ನಡೆನುಡಿಗಳಲ್ಲಿ ಅಜಗಜಾಂತರ. ಒಬ್ಬರು ದಪ್ಪ ಧೋತರವನ್ನುಟ್ಟು ಉತ್ತರೀಯ ಹೊದ್ದ ಪಂಡಿತರು. ಮತ್ತೊಬ್ಬರು ಧರ್ಮವನ್ನೂ ವೇಷವನ್ನೂ ಬದಲಿಸಿ, ದುಂದುವೆಚ್ಚಕ್ಕೆ ಹೆಸರಾದ ಕವಿಗಳು. ವಿದ್ಯಾಸಾಗರರು ಅದಾವುದನ್ನೂ ಎಣಿಸಲಿಲ್ಲ. ಕೂಡಲೆ 1500 ರೂಪಾಯಿಗಳನ್ನು ಕಳುಹಿಸಿದರು. ಆಗಸ್ಟ್ ತಿಂಗಳ ಕಡೆಯಲ್ಲಿ ಆ ಹಣವು ಕೈಸೇರಿದಾಗ ಆ ಸಂಸಾರಕ್ಕೆ ಹೋದ ಜೀವ ಬಂದಂತಾಯಿತು. ಅಷ್ಟರಿಂದಲೇ ವ್ಯಾಸಂಗವು ಮುಗಿಯುವಂತಿರಲಿಲ್ಲ. ತಮ್ಮಲ್ಲಿ ಹಣವಿಲ್ಲದಿದ್ದುದರಿಂದ ವಿದ್ಯಾಸಾಗರರು ಶ್ರೀಶಚಂದ್ರ ವಿದ್ಯಾರತ್ನ, ಅನುಕೂಲಚಂದ್ರ ಮುಖೋಪಾಧ್ಯಾಯ ಮೊದಲಾದವರಲ್ಲಿ ತಮ್ಮ ಮಾತಿನ ಹೊಣೆಯ ಮೇಲೆ ಸಾವಿರಗಟ್ಟಲೆ ಸಾಲವೆತ್ತಿ ಕಂತುಕಂತಾಗಿ ಕಳುಹಿಸಿದರು. ಮಧುಸೂದನರು ಲಂಡನ್ನಿಗೆ ಮರಳಿ ವ್ಯಾಸಂಗವನ್ನು ಪೂರ್ಣಗೊಳಿಸಿ, 1866ರ ನವೆಂಬರಿನಲ್ಲಿ ಬ್ಯಾರಿಸ್ಟರ್ ಪದವಿಯನ್ನು ಪಡೆದರು. ವಿದ್ಯಾಸಾಗರರ ಕರುಣೆಯನ್ನು ಕೊಂಡಾಡಿ ಅವರು ರಚಿಸಿದ ಚತುರ್ದಶಪದಿಯು ವಂಗಸಾಹಿತ್ಯದಲ್ಲಿ ಉಳಿದಿದೆ.

ಕಥೆಯು ಇಲ್ಲಿಗೇ ಮುಗಿದಿದ್ದರೆ ಸುಖಾಂತವಾಗುತ್ತಿದ್ದಿತು. 1867ರ ಆರಂಭದಲ್ಲಿ ಮಧುಸೂದನರು ಕಲಕತ್ತೆಗೆ ಬಂದಾಗ ಅವರಿಗಾಗಿ ವಿದ್ಯಾಸಾಗರರು ಒಂದು ಮನೆಯನ್ನು ಗೊತ್ತು ಮಾಡಿಟ್ಟಿದ್ದರು. ಕವಿಗಳು ಅದನ್ನು ಬಿಟ್ಟು ದುಬಾರಿಯಾದ ಸ್ಪೆನ್ಸಸ್ ಹೋಟೆಲಿನಲ್ಲಿ ಬಿಡಾರ ಮಾಡಿದರು. ಹೈಕೋರ್ಟಿನಲ್ಲಿ ಸಂಪಾದನೆಯಿದ್ದಿತು; ವೆಚ್ಚವು ಅದನ್ನು ಮೀರಿದ್ದಿತು. ಸಾಲ ಕೊಟ್ಟವರು ಹೊಣೆ ನಿಂತ ವಿದ್ಯಾಸಾಗರರನ್ನು ಕೇಳತೊಡಗಿದರು. ಅವರಿಗೆ ಕೊಟ್ಟ ಮಾತು ತಪ್ಪುವುದೆಂಬ ಸಂಕಟವು ಪಂಡಿತರನ್ನು ನಿದ್ದೆಗೆಡಿಸಿತು. ಎಷ್ಟೋ ಸಾರಿ ಬರೆದು ಕೇಳಬೇಕಾಯಿತು. ಕಡೆಗೆ ಮಧುಸೂದನರ ಭೂಮಿಯು ಮಾರಾಟವಾಗಿ ಆ ಋಣವು ಬಹುಮಟ್ಟಿಗೆ ತೀರಿತು. ಆದರೂ ಹೊಸ ಹೊಸ ಸಾಲಗಳು ಬೆಳೆದವು; ಅವನ್ನು ಹೊರುವ ಶಕ್ತಿಯು ವಿದ್ಯಾಸಾಗರರಲ್ಲಿ ಉಳಿದಿರಲಿಲ್ಲ. 1873ರ ಜೂನ್ 26ರಂದು ಹೆನ್ರಿಯೆಟ್ಟಾ, 29ರಂದು ಮಧುಸೂದನರು ಕಾಲವಶರಾದರು.

ಸಾಲದ ಕಹಿಯನ್ನು ಹೀಗೆ ಕಂಡ ವಿದ್ಯಾಸಾಗರರು ವಿದ್ಯಾದಾನದಿಂದ ಹಿಂದೆಗೆಯಲಿಲ್ಲ. ಹುಡುಗರು ಸಾಲಕ್ಕೆ ಬೀಳದೆ ಉಚ್ಚವ್ಯಾಸಂಗ ಮಾಡಬೇಕೆಂಬುದು ಅವರ ದೃಢಸಂಕಲ್ಪವಾಗಿದ್ದಿತು. ಅವರ ಆಡಳಿತದಲ್ಲಿದ್ದ ಮೆಟ್ರೋಪಾಲಿಟನ್ ವಿದ್ಯಾಸಂಸ್ಥೆಯು 1872ರಲ್ಲಿ ಕಾಲೇಜಾಯಿತು, 1879ರಲ್ಲಿ ಬಿ. ಎ. ತರಗತಿಗಳನ್ನು ಪಡೆಯಿತು. ಐರೋಪ್ಯ ಅಧ್ಯಾಪಕರಿಲ್ಲದೆ ಉಚ್ಚಶಿಕ್ಷಣವು ಸಾಗದೆಂಬ ಮಾತನ್ನು ಸುಳ್ಳು ಮಾಡಿ, ದೇಶೀಯ ಅಧ್ಯಾಪಕರಿಂದಲೇ ಪಾಠ ಹೇಳಿಸಿದರು. ಅಲ್ಲಿಯ ಶುಲ್ಕವು ಸರಕಾರದ ಪ್ರೆಸಿಡೆನ್ಸಿ ಕಾಲೇಜಿನ ಶುಲ್ಕಕ್ಕಿಂತ ಬಹಳ ಕಡಿಮೆಯಾಗಿದ್ದುದರಿಂದ ಬಡ ಮನೆಗಳ ಮಕ್ಕಳು ಪದವಿಯ ಮುಖವನ್ನು ಕಂಡರು. ಒಬ್ಬ ಮಧುಸೂದನರಿಗೆ ಸಾಲ ತಂದು ಕೊಟ್ಟವರು, ಸಾಲವೇ ಬೇಡದ ವಿದ್ಯಾಲಯವನ್ನು ನೂರಾರು ಮಂದಿಗೆ ಕಟ್ಟಿಕೊಟ್ಟರು. 1917ರಲ್ಲಿ ಆ ಸಂಸ್ಥೆಗೆ ವಿದ್ಯಾಸಾಗರ ಕಾಲೇಜೆಂದು ನಾಮಕರಣವಾಯಿತು.

ಕಡೆಯ ವರ್ಷಗಳಲ್ಲಿ ಅವರು ಆಗಾಗ ಕರ್ಮಾಟಾರ್ ಎಂಬ ಗ್ರಾಮಕ್ಕೆ ಹೋಗಿ, ಅಲ್ಲಿಯ ಸಂತಾಲರೊಡನೆ ಇದ್ದು, ರೋಗಿಗಳಿಗೆ ಹೋಮಿಯೋಪತಿ ಔಷಧವನ್ನು ತಾವೇ ಕೊಡುತ್ತಿದ್ದರು. 1875ರಲ್ಲಿ ಬರೆದ ಮೃತ್ಯುಪತ್ರದಲ್ಲಿ ಬಂಧುಗಳಿಗೂ ಅನಾಥರಿಗೂ ತಿಂಗಳ ವೇತನವನ್ನು ನೇಮಿಸಿದರು. 1891ರ ಜುಲೈ 29ರಂದು ಕಲಕತ್ತೆಯಲ್ಲಿ ದೇಹವನ್ನು ಬಿಟ್ಟರು.

ಹಸಿದ ಬಾಲಕನಿಗೆ ಮಂಡಕ್ಕಿಯನ್ನಿತ್ತ ಆ ವಿಧವೆಯು ಅದನ್ನು ಯಾವ ಲೆಕ್ಕದಲ್ಲಿಯೂ ಬರೆದಿಡಲಿಲ್ಲ. ಆ ಹಿಡಿ ಮಂಡಕ್ಕಿಯ ಋಣವನ್ನು ಆಕೆಗೆ ತಿರುಗಿ ಸಲ್ಲಿಸುವ ಬಗೆಯೂ ಇದ್ದಿಲ್ಲ. ಠಾಕೂರದಾಸರ ಮಗನು ಅದನ್ನು ವೀರಸಿಂಹದ ಶಾಲೆಯ ಮಕ್ಕಳಿಗೆ, ದಿಕ್ಕಿಲ್ಲದ ವಿಧವೆಯರಿಗೆ, ಪರದೇಶದಲ್ಲಿ ಕಂಗೆಟ್ಟ ಕವಿಗೆ ಸಲ್ಲಿಸಿದನು. ಪರರ ಅನ್ನವನ್ನುಂಡು ವಿದ್ಯೆ ಕಲಿತವರು ಹಣದ ಸಾಲವನ್ನು ಕೊಟ್ಟವರಿಗೇ ನಿಯಮದಿಂದ ಮರಳಿಸತಕ್ಕದ್ದು. ಅನ್ನದ ಋಣವನ್ನು ಮುಂದೆ ಬರುವ ಮತ್ತೊಬ್ಬ ಬಡ ವಿದ್ಯಾರ್ಥಿಗೆ ಸಲ್ಲಿಸತಕ್ಕದ್ದು. ದಾಸೋಹದ ಪಂಕ್ತಿಯಲ್ಲಿ ಕುಳಿತು ಓದಿ ಮೇಲೆ ಬಂದವರೆಲ್ಲರೂ ಈ ಮಹನೀಯರ ಚರಿತ್ರೆಯಿಂದ ಇದನ್ನು ಮನನ ಮಾಡುವುದು ಶ್ರೇಯಸ್ಕರವು.