ಗಾಜಿನ ಫಲಕದ ಮೇಲಿನ ಆಕಾಶ: ವೈನು ಬಾಪು ಅವರ ಬದುಕು

ಆಕಾಶದಲ್ಲಿ ಹೊಸದೊಂದು ಕಾಣಿಸಿಕೊಂಡಿತೆಂದು ಹೇಳಬೇಕಾದರೆ ಅಲ್ಲಿ ಮೊದಲು ಏನಿತ್ತೆಂಬುದಕ್ಕೆ ದಾಖಲೆ ಇರಬೇಕು. ಇಪ್ಪತ್ತನೆಯ ಶತಮಾನದ ಬಹುಭಾಗ ಈ ದಾಖಲೆಯಾಗಿ ಒದಗಿದ್ದು ಗಾಜಿನ ಛಾಯಾಫಲಕ. ಆಕಾಶದ ಒಂದೇ ಪ್ರದೇಶದ ಹಳೆಯ ಮತ್ತು ಹೊಸ ಫಲಕಗಳನ್ನು ಹೋಲಿಸಿದಾಗ ಮೊದಲಿಲ್ಲದ ಚುಕ್ಕೆ ಕಂಡರೆ ಅದು ನೋವಾ ಇರಬಹುದು. ಸ್ಥಾನ ಬದಲಿಸುವ ಮಸುಕು ಕಲೆಯಾದರೆ ಧೂಮಕೇತುವಿರಬಹುದು. ಚುಕ್ಕೆಯ ಗಾತ್ರವನ್ನೂ ಕಪ್ಪನ್ನೂ ಕಾಂತಿಮಾನ ತಿಳಿದ ನೆರೆಯ ನಕ್ಷತ್ರಗಳ ಚುಕ್ಕೆಗಳೊಡನೆ ಹೋಲಿಸಿ ಅದರ ಕಾಂತಿಯನ್ನು ನಿರ್ಣಯಿಸಲಾಗುತ್ತಿತ್ತು. ಫಲಕದ ಮೇಲೆ ಹೊಸದನ್ನು ಗುರುತಿಸುವುದು ಹಾಗೂ ಕಾಂತಿಯನ್ನು ಅಳೆಯುವುದು ಎಂಬ ಎರಡೂ ಕಾರ್ಯಗಳಲ್ಲಿ ವಿಶ್ವಮನ್ನಣೆ ಪಡೆದ ಭಾರತೀಯ ಮನಾಲಿ ಕಲ್ಲಾಟ್ ವೈನು ಬಾಪು. ಅವರ ಬದುಕಿನ ಕೊನೆಯ ಘಟ್ಟ ಬೆಂಗಳೂರಿನೊಡನೆ ಬೆಸೆದುಕೊಂಡಿದೆ.

ಬಾಪು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದರು. ಇಡೀ ಆಕಾಶವನ್ನು ಫಲಕಗಳಲ್ಲಿ ದಾಖಲಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಆ ವೀಕ್ಷಣಾಲಯವೂ ಪಾಲುಗೊಂಡಿತ್ತು. ಇಂತಹ ಪರಿಸರದಲ್ಲಿ ಬೆಳೆದ ಬಾಪು ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಅದೇ ವರ್ಷ ಜುಲೈ 2ರಂದು ತಾವು ತೆಗೆದ ಫಲಕವೊಂದರಲ್ಲಿ ಅಪರಿಚಿತ ಕಲೆಯೊಂದನ್ನು ಗುರುತಿಸಿದರು. ಅದು ಹೊಸ ಧೂಮಕೇತುವೆಂದು ಖಚಿತವಾಯಿತು. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಾಪು-ಬಾಕ್-ನ್ಯೂಕರ್ಕ್ ಧೂಮಕೇತುವಾಯಿತು. ಈ ಶೋಧಕ್ಕಾಗಿ ಅವರಿಗೆ ಡೊನೊಹೊ ಪದಕ ದೊರೆಯಿತು.

ಶೋಧಕ್ಕೆ ಅದೃಷ್ಟದ ನೆರವೂ ಇರಬಹುದು. ಅಳತೆಗೆ ತಾಳ್ಮೆಯೇ ಬಂಡವಾಳ. 1952ರಲ್ಲಿ ಡಾಕ್ಟರೇಟ್ ಪಡೆದ ಬಾಪು ಕ್ಯಾಲಿಫೋರ್ನಿಯದಲ್ಲಿ ಓಲಿನ್ ವಿಲ್ಸನ್ ಅವರೊಡನೆ ತಂಪು ನಕ್ಷತ್ರಗಳ ರೋಹಿತ ಫಲಕಗಳನ್ನು ಅಧ್ಯಯನ ಮಾಡಿದರು. ಕ್ಯಾಲ್ಸಿಯಂ ಧಾತುವಿನ ಕಪ್ಪು ರೇಖೆಯ ನಡುವೆ ಕಾಣುವ ಉಜ್ವಲ ಗೆರೆಯ ಅಗಲವು ನಕ್ಷತ್ರದ ನಿಜ ಕಾಂತಿಗೆ ಅನುಗುಣವಾಗಿ ಹೆಚ್ಚುತ್ತದೆಂಬುದನ್ನು ಇವರು 1957ರಲ್ಲಿ ಪ್ರಕಟಿಸಿದರು. ಅಗಲವನ್ನು ಅಳೆದರೆ ನಿಜ ಕಾಂತಿ ತಿಳಿಯುತ್ತದೆ. ತೋರಿಕೆಯ ಕಾಂತಿಯೊಡನೆ ಅದನ್ನು ಹೋಲಿಸಿದರೆ ದೂರವೂ ತಿಳಿಯುತ್ತದೆ. ಇದು ವಿಲ್ಸನ್-ಬಾಪು ಪರಿಣಾಮವೆಂದು ಪ್ರಸಿದ್ಧವಾಗಿದೆ.

ಈ ಫಲಿತಾಂಶ ಪ್ರಕಟವಾಗುವ ಮೊದಲೇ, 1953ರಲ್ಲಿ, ಬಾಪು ಸ್ವದೇಶಕ್ಕೆ ಮರಳಿದ್ದರು. ವಿದೇಶದಲ್ಲಿದ್ದ ಬೃಹತ್ ದೂರದರ್ಶಕಗಳಿಗೆ ಸಮನಾದುದು ಇಲ್ಲಿರಲಿಲ್ಲ. ಉತ್ತರ ಪ್ರದೇಶದ ರಾಜ್ಯ ವೀಕ್ಷಣಾಲಯವನ್ನು ಕಟ್ಟಿ, 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಮುಖ್ಯವಾಗಿ ಸೌರ ವೀಕ್ಷಣೆಗೆ ಮೀಸಲಾಗಿತ್ತು. ನಕ್ಷತ್ರಗಳ ಅಧ್ಯಯನಕ್ಕೆ ತಕ್ಕ ನೆಲೆಯನ್ನು ಅರಸಿ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿಕೊಂಡರು. ಅಲ್ಲಿ 1968ರಲ್ಲಿ 38 ಸೆಂಟಿಮೀಟರ್ ದೂರದರ್ಶಕ ಕಾರ್ಯಾರಂಭ ಮಾಡಿತು. 1972ರಲ್ಲಿ 102 ಸೆಂಟಿಮೀಟರಿನದು ಬಂದಿತು. ಈ ನಡುವೆ 1971ರಲ್ಲಿ ಕೊಡೈಕನಾಲ್ ವೀಕ್ಷಣಾಲಯವು ಸ್ವಾಯತ್ತ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಾಗಿ ರೂಪುಗೊಂಡು, ಅದರ ಕೇಂದ್ರ 1975ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ದೊಡ್ಡ ದೂರದರ್ಶಕವನ್ನು ಕೊಂಡು ತರುವುದಕ್ಕಿಂತ ಇಲ್ಲಿಯೇ ನಿರ್ಮಿಸುವುದು ಬಾಪು ಅವರ ಸಂಕಲ್ಪವಾಗಿತ್ತು. 234 ಸೆಂಟಿಮೀಟರ್ ವ್ಯಾಸದ ಕನ್ನಡಿಯನ್ನು ಉಜ್ಜಿ ನಯಗೊಳಿಸುವ ಸೂಕ್ಷ್ಮ ಕಾರ್ಯ ಬೆಂಗಳೂರಿನ ಪ್ರಯೋಗಾಲಯದಲ್ಲಿ ನಡೆಯಿತು. ಯಾಂತ್ರಿಕ ಭಾಗಗಳು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ ಸಿದ್ಧವಾದವು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದ ಬಾಪು ಆ ದೂರದರ್ಶಕ ಪೂರ್ಣಗೊಳ್ಳುವುದನ್ನು ಕಾಣಲಿಲ್ಲ. 1982ರ ಆಗಸ್ಟ್ 19ರಂದು, ಹೃದಯ ಶಸ್ತ್ರಚಿಕಿತ್ಸೆಯ ತರುವಾಯ, ಮ್ಯೂನಿಕ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. 1986ರ ಜನವರಿ 6ರಂದು ಆ ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ಅವರ ಹೆಸರನ್ನಿಡಲಾಯಿತು.

1988ರ ಫೆಬ್ರವರಿಯಲ್ಲಿ ಕಾವಲೂರಿನಲ್ಲಿ ಹೊಸ ಕ್ಷುದ್ರಗ್ರಹವೊಂದು ಪತ್ತೆಯಾಗಿ, ಮುಂದೆ ಗಣಿತಜ್ಞ ರಾಮಾನುಜನ್ ಅವರ ಹೆಸರನ್ನು ಪಡೆಯಿತು. ಹಾರ್ವರ್ಡಿನ ವಿದ್ಯಾರ್ಥಿಗೆ 1949ರಲ್ಲಿ ಪರದೇಶದ ವೀಕ್ಷಣಾಲಯದಲ್ಲಷ್ಟೇ ಒದಗಿದ್ದ ಅವಕಾಶ ಮುಂದಿನ ತಲೆಮಾರಿಗೆ ಸ್ವದೇಶದಲ್ಲಿಯೇ ಒದಗಿತು. ಬಾಪು ಅವರ ಸಾಧನೆಯನ್ನು ಅಳೆಯಲು ಧೂಮಕೇತುವಿಗಿಂತ ಇದೇ ಹೆಚ್ಚು ಸಮರ್ಪಕವಾದ ಮಾನದಂಡ.