ಕಿವಿಯಿಂದ ಕಲಿತು ಗುರುವಾದ ಗವಾಯಿ



ಗದುಗಿನ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ಅವರಿಗೂ ಅವರ ಅಣ್ಣನಿಗೂ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ನೋಡಿ ಓದುವ ಪಾಠ ಅವರಿಗೆ ದಕ್ಕುವಂತಿರಲಿಲ್ಲ. ಆದರೆ ಹಾನಗಲ್ಲ ಕುಮಾರಸ್ವಾಮಿಗಳು ಇಲ್ಲದ ಕಣ್ಣಿಗೆ ಮರುಗಿ ಸುಮ್ಮನಾಗಲಿಲ್ಲ. ಇದ್ದ ಕಂಠವನ್ನೂ ಕಿವಿಯನ್ನೂ ಗುರುತಿಸಿ ಸಂಗೀತ ಕಲಿಯುವ ವ್ಯವಸ್ಥೆ ಮಾಡಿದರು. ಹುಡುಗ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಂಡಿತನಾದ.

ಪಡೆದದ್ದನ್ನು ಗವಾಯಿಗಳು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರ ನೆಲೆಯಾಯಿತು. ಕಣ್ಣಿದ್ದ ಬಸವರಾಜ ರಾಜಗುರು, ಕಣ್ಣಿಲ್ಲದ ಪುಟ್ಟರಾಜ ಗವಾಯಿ ಇಬ್ಬರೂ ಅವರ ಶಿಷ್ಯರೇ. 1944ರಲ್ಲಿ ಗುರು ತೀರಿಕೊಂಡ ಮೇಲೆ ಪುಟ್ಟರಾಜರು 2010ರಲ್ಲಿ ತಾವು ಕಣ್ಮುಚ್ಚುವವರೆಗೂ ಆಶ್ರಮವನ್ನು ನಡೆಸಿದರು.

ಅಂದು ಒಬ್ಬರ ಕರುಣೆಯಿಂದ ದೊರೆತದ್ದು ಇಂದು ಹಕ್ಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ, ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟುಗಳಿವೆ. ಪರೀಕ್ಷೆ ಬರೆದುಕೊಡುವವರು, ಹೆಚ್ಚಿನ ಸಮಯ, ಗಾಲಿಕುರ್ಚಿ ಹೋಗುವ ದಾರಿ ಇವನ್ನೆಲ್ಲ ಕೇಳಿ ಪಡೆಯಬಹುದು.

ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ತುಮಕೂರಿನ ಕಾಲೇಜಿಗೆ ಬಸ್ಸು ಹತ್ತಬೇಕಾದ ಮಗಳನ್ನು, ಪಿಯುಸಿ ಸಾಕೆಂದು ಮನೆಯಲ್ಲಿ ಕೂರಿಸುವ ತಂದೆತಾಯಿಗಳಿದ್ದಾರೆ. ಅವರಿಗಿರುವುದು ಪ್ರೀತಿಯೇ, ಜೊತೆಗೆ ಭಯ. ದಯವಿಟ್ಟು ಮೊದಲು ಮಗಳನ್ನೇ ಕೇಳಿ, ಅವಳಿಗೇನು ಬೇಕೆಂದು. ಆಮೇಲೆ ಅವಳೊಂದಿಗೆ ಕಾಲೇಜಿನ ಕಚೇರಿಗೆ ಹೋಗಿ. ಕುಮಾರಸ್ವಾಮಿಗಳು ಸುಮ್ಮನಿದ್ದಿದ್ದರೆ ನಾಡಿಗೆ ಆ ಗವಾಯಿ ದಕ್ಕುತ್ತಿದ್ದರೇ?